ಕೆಸರುಗದ್ದೆಗೆ ಇಳಿದ ನೀಲಾವತಿ

ನೀಲಾವತಿಯನ್ನು ನಾನು ಮೊದಲು ಕಂಡದ್ದು ಒಂಬತ್ತು ವರ್ಷಗಳ ಹಿಂದೆ, ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ, ಕುರುಗೋಡಿನಲ್ಲಿ. ಆಗ ನಾನು ಹಚ್ಚೊಳ್ಳಿ ಕಡೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ಸುರುಳಿ ಸುತ್ತಿದ ಡ್ರಾಯಿಂಗ್ ಹಾಳೆಯೊಂದನ್ನು ಕಂಕುಳಲ್ಲಿ ಇಟ್ಟುಕೊಂಡು, ಸಿರಿಗೇರಿಯಲ್ಲಿ ಬಸ್ಸು ಬದಲಿಸಿ, ಗವಿಸಿದ್ದಪ್ಪನವರ ವೆಲ್ಡಿಂಗ್ ಅಂಗಡಿಯನ್ನು ಹುಡುಕುತ್ತ ಬಂದಿದ್ದೆ. ನಾಟಿಯ ಕಾಲವಾದ್ದರಿಂದ ನಮಗೆ ಹತ್ತಿರದ ಸಿರುಗುಪ್ಪದ ವರ್ಕ್‌ಶಾಪುಗಳೆಲ್ಲ ಟ್ರ್ಯಾಕ್ಟರ್‌ಗಳ ಕೆಲಸದಲ್ಲಿ ಮುಳುಗಿದ್ದವು. ನನ್ನ ಹಾಳೆಯನ್ನು ಬಿಚ್ಚಿ ನೋಡುವಷ್ಟು ಪುರುಸೊತ್ತು ಅಲ್ಲಿ ಯಾರಿಗೂ ಇರಲಿಲ್ಲ.

ಅಂಗಡಿಯಲ್ಲಿ ಇಪ್ಪತ್ತೈದರ ಆಸುಪಾಸಿನ ಹೆಣ್ಣುಮಗಳೊಬ್ಬಳು ಚೂಡಿದಾರದ ಮೇಲೆ ಗಂಡಸರ ಖಾಕಿ ಅಂಗಿ ತೊಟ್ಟು, ಕುಂಟೆಯೊಂದಕ್ಕೆ ಬೆಸುಗೆ ಹಾಕುತ್ತಿದ್ದಳು.

“ಗವಿಸಿದ್ದಪ್ಪನವರು ಇಲ್ಲವೇನಮ್ಮಾ?” ಎಂದು ಕೇಳಿದೆ.

“ಅಪ್ಪ ಉಣ್ಣಾಕ ಹೋಗ್ಯಾರ್ರಿ. ಉಣ್ಣೋ ಕೆಲಸ ಅವರದು, ಉಳಿದಿದ್ದು ನಂದು. ಕುಂದರ್ರಿ ಸರ್.”

ನಾನು ಹಾಳೆಯನ್ನು ಬಿಚ್ಚಿದೆ. ಸಸಿಯ ಕಟ್ಟುಗಳನ್ನು ಗದ್ದೆಯೊಳಗೆ ಸಾಗಿಸುವ ಮೂರು ಚಕ್ರದ ಗಾಡಿ. ಅಳತೆಗಳನ್ನೆಲ್ಲ ಬರೆದು ಬಣ್ಣವನ್ನೂ ತುಂಬಿದ್ದೆ. ಅವಳು ಕೈ ಒರೆಸಿಕೊಂಡು ಬಹಳ ಹೊತ್ತು ನೋಡಿದಳು.

“ಚಿತ್ರ ಛಲೋ ಐತ್ರಿ. ಯಾರಿಗಿದು?”

“ವಿಜ್ಞಾನ ವಸ್ತುಪ್ರದರ್ಶನಕ್ಕಮ್ಮಾ.”

“ಪ್ರದರ್ಶನಕ್ಕ ಸೊಂಟ ನೋಯ್ತೈತೇನ್ರಿ? ಯಾರ ತ್ರಾಸಿಗೆ ಅಂತ ಕೇಳಿದ್ನಿ.”

ಆಗ ಜಂಬಮ್ಮನ ವಿಷಯವನ್ನು ಹೇಳಬೇಕಾಯಿತು. ಜಂಬಮ್ಮ ನನ್ನ ಒಂಬತ್ತನೆಯ ತರಗತಿಯ ಪೂಜಿತಾಳ ತಾಯಿ. ಸುಂಕಣ್ಣ ಮೇಸ್ತ್ರಿಯ ನಾಟಿ ಗುಂಪಿನಲ್ಲಿ ಕೆಲಸ ಮಾಡುವವಳು. ಸಸಿಮಡಿಯಲ್ಲಿ ಕಿತ್ತ ಕಟ್ಟುಗಳನ್ನು ಹೊತ್ತು, ಮೊಣಕಾಲುದ್ದದ ಕೆಸರಿನಲ್ಲಿ ನಡೆದು, ನೆಡುವವರ ಕೈಗೆ ತಲುಪಿಸುವುದು ಅವಳ ಪಾಲಿನ ಕೆಲಸ. ಆ ವರ್ಷ ಅವಳ ಸೊಂಟ ಹಿಡಿದುಬಿಟ್ಟಿತ್ತು. ಆ ಗುಂಪಿನಲ್ಲೊಂದು ಕಟ್ಟಳೆಯಿತ್ತು. ಒಂದು ಮನೆಗೆ ಒಂದು ಆಳು. ತಾಯಿ ಬರಲಾರದಿದ್ದರೆ ಮಗಳು ಬರಬೇಕು, ಇಲ್ಲವಾದರೆ ಆ ಮನೆಯ ಜಾಗ ಮತ್ತೊಂದು ಮನೆಗೆ ಹೋಗುತ್ತದೆ. ಪೂಜಿತಾ ಶಾಲೆಗೆ ಬಾರದೆ ಎಂಟು ದಿನವಾಗಿತ್ತು. ನಾನು ಮನೆಗೆ ಹೋಗಿ ವಿಚಾರಿಸಿದಾಗ ಜಂಬಮ್ಮ, “ನಾನು ಎದ್ದು ನಿಂತರ ಆಕಿ ಸಾಲಿಗಿ ಬರ್ತಾಳ್ರಿ ಸರ್. ನಿಲ್ಲಾಕ ಆಗವಲ್ದು, ಏನ್ ಮಾಡ್ಲಿ?” ಎಂದು ಗೋಡೆಗೆ ಒರಗಿಕೊಂಡೇ ಹೇಳಿದ್ದಳು. ಅಂದು ಸಂಜೆ ಮನೆಗೆ ಬಂದು ಅವಸರದಲ್ಲಿ ಬರೆದ ಚಿತ್ರ ಅದು. ಪೂಜಿತಾ ಮತ್ತೆ ತರಗತಿಯಲ್ಲಿ ಕುಳಿತರೆ ಅವಳ ಕೈಯಲ್ಲೇ ಅದನ್ನು ಪ್ರದರ್ಶನಕ್ಕೂ ಇಡಿಸಬಹುದೆಂದು ನನ್ನ ಎಣಿಕೆ.

ನೀಲಾವತಿ ಒಳಗಿನಿಂದ ಒಂದು ಹೊಸ ನೋಟ್‌ಬುಕ್ ತಂದಳು. ಒಂದು ಕೆಲಸಕ್ಕೆ ಒಂದು ನೋಟ್‌ಬುಕ್ ಎಂಬುದು ಅವಳ ಪದ್ಧತಿ. ಮೊದಲ ಪುಟದಲ್ಲಿ ತೊಂದರೆ ಯಾರದು ಎಂಬುದು. ಎರಡನೆಯದರಲ್ಲಿ, ತಾನೇ ಹೋಗಿ ನೋಡಿದಾಗ ಕಂಡದ್ದು. ಅಲ್ಲಿಯವರೆಗೆ ಚಿತ್ರ ಬರೆಯುವಂತಿಲ್ಲ. ಆಮೇಲೆ ಮೂರು ನಾಲ್ಕು ಬಗೆಯ ಚಿತ್ರಗಳು, ರಟ್ಟಿನ ಮಾದರಿ, ಅದನ್ನು ಬೇಕೆಂದೇ ಕೆಡಿಸಿ ನೋಡುವುದು. ಕಬ್ಬಿಣ ಎಲ್ಲಕ್ಕೂ ಕೊನೆಗೆ.

“ರಟ್ಟು ಕೆಟ್ಟರ ಒಲಿಗೆ ಹಾಕಿದ್ರಾತು. ಕಬ್ಬಿಣ ಕೊಯ್ದ ಮ್ಯಾಲೆ ಬೆಸಗಿ ಹಾಕಿದ್ರೂ ಗುರುತು ಹೋಗಂಗಿಲ್ರಿ,” ಎಂದಳು.

ಇದನ್ನು ಅವಳು ಬಳ್ಳಾರಿಯಲ್ಲಿ ಪೆಟ್ಟು ತಿಂದು ಕಲಿತಿದ್ದಳು. ಐಟಿಐಯಲ್ಲಿ ಫಿಟ್ಟರ್ ತರಗತಿಗೆ ಸೇರಿದ್ದ ಒಬ್ಬಳೇ ಹುಡುಗಿ ಅವಳು. ಮುಗಿದ ಮೇಲೆ ಎರಡು ವರ್ಷ ಜೀನ್ಸ್ ಹೊಲಿಯುವ ಒಂದು ಘಟಕದಲ್ಲಿ ಹೊಲಿಗೆ ಯಂತ್ರಗಳ ರಿಪೇರಿ ಮಾಡಿದಳು. ಜೇಬಿನ ಅಂಚು ಮಡಚಲು ಒಂದು ಪಟ್ಟಿಯನ್ನು ಮೂರು ಸಲ ಮಾಡಿ ಕೊಟ್ಟಳಂತೆ. ಮೂರನ್ನೂ ಹೊಲಿಯುವ ಹೆಂಗಸರು ಸದ್ದಿಲ್ಲದೆ ಮೇಜಿನ ಕೆಳಗೆ ತಳ್ಳಿದರಂತೆ. ನಾಲ್ಕನೆಯದನ್ನು ಮಾಡುವ ಮೊದಲು ಒಂದು ವಾರ ಅವರ ಪಕ್ಕದಲ್ಲಿ ಸುಮ್ಮನೆ ಕುಳಿತಳು. ಅದು ಮೇಜಿನ ಮೇಲೆಯೇ ಉಳಿಯಿತು.

“ನಾಳಿ ಬಂದು ಗದ್ದಿ ನೋಡ್ತೀನ್ರಿ,” ಎಂದಳು.

ಇಲ್ಲಿ ನಾನು ತಪ್ಪು ಮಾಡಿದೆ. “ಗದ್ದೆಯಲ್ಲಿ ನೋಡುವುದೇನಿದೆಯಮ್ಮಾ? ಇಪ್ಪತ್ತೆರಡು ವರ್ಷಗಳಿಂದ ದಿನವೂ ನೋಡುತ್ತಿದ್ದೇನೆ. ಬೇಕಾದುದನ್ನು ನನ್ನನ್ನೇ ಕೇಳು,” ಎಂದುಬಿಟ್ಟೆ. ಮೇಷ್ಟ್ರ ಮಾತನ್ನು ಮೀರುವುದು ಹೇಗೆಂದು ಅವಳು ಒಪ್ಪಿಕೊಂಡಳು. ಕುರುಗೋಡಿನ ಅವರ ಹೊಲವಾದರೋ ಮೆಣಸಿನಕಾಯಿ, ಹತ್ತಿ ಬೆಳೆಯುವ ಹೊಲ. ಭತ್ತದ ನಾಟಿಯನ್ನು ಅವಳು ಕಂಡವಳಲ್ಲ. ಎರಡನೆಯ ಪುಟವನ್ನು ನಾನು ಹೇಳುತ್ತ ಹೋದೆ, ಅವಳು ಬರೆದುಕೊಂಡಳು.

ನನ್ನ ಚಕ್ರಗಳನ್ನು ಮಾತ್ರ ಕೂಡಲೇ ಹೊಡೆದುಹಾಕಿದಳು. “ಕೆಸರಿನಾಗ ಹೂತು ಹೊಕ್ಕಾವ್ರಿ.” ಚಕ್ರದ ಬದಲು ತೆಪ್ಪದಂತೆ ಜಾರುವ ತಳ. ರಟ್ಟಿಗೆ ಪ್ಲಾಸ್ಟಿಕ್ ಹೊದಿಸಿ, ಬಾಂಡ್ಲಿಯಲ್ಲಿ ಕೆಸರು ಕಲಸಿ, ಮೂರು ಬಗೆಯ ತಳಗಳನ್ನು ಎಳೆದು ನೋಡಿದೆವು. ಮೂತಿ ಮೇಲಕ್ಕೆ ಬಾಗಿದ್ದು ಸರಾಗವಾಗಿ ಜಾರಿತು. ಅದನ್ನೇ ತಗಡಿನಲ್ಲಿ ಮಾಡಿದಳು. ಜಂಬಮ್ಮ ಬದುವಿನ ಮೇಲೆ ನಿಂತು ಕಟ್ಟುಗಳನ್ನು ತುಂಬುವುದು. ನೆಡುವವಳು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ತಾನು ಮುಂದೆ ಹೋದಂತೆಲ್ಲ ತೆಪ್ಪವನ್ನು ಹಿಂದೆ ಎಳೆದುಕೊಂಡು ಹೋಗುವುದು. ಇದು ನಮ್ಮ ಯೋಜನೆ.

ಮರು ವಾರ, ಗುರುವಾರ, ತೆಪ್ಪವನ್ನು ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಹಚ್ಚೊಳ್ಳಿಯ ಗದ್ದೆಗೆ ಹೋದೆವು. ಒಬ್ಬಳು ನಗುತ್ತಲೇ ಹಗ್ಗ ಕಟ್ಟಿಕೊಂಡಳು, ಬಗ್ಗಿ ನಾಲ್ಕು ಸಸಿ ನೆಟ್ಟಳು, ಒಂದು ಹೆಜ್ಜೆ ಹಿಂದಕ್ಕೆ ಇಟ್ಟಳು. ಹಿಮ್ಮಡಿ ತೆಪ್ಪಕ್ಕೆ ತಾಗಿ, ಕಟ್ಟುಗಳ ಮೇಲೆ ಕುಕ್ಕರಿಸಿದಳು. ಗದ್ದೆಗೆ ಗದ್ದೆಯೇ ನಕ್ಕಿತು.

“ಮೇಷ್ಟ್ರ, ನಾವು ಹಿಂದಕ್ಕ ನಡಿಯೋ ಮಂದಿ,” ಎಂದಳು ಗುಂಪಿನ ಹಿರಿಯಳು. “ಮುಂದಕ್ಕ ನಡದ್ರ ನಟ್ಟ ಸಸಿ ತುಳಿಯಾಕ ನಿಮ್ಮ ಸಾಲಿ ಹುಡುಗ್ರು ಬೇಕಾಗಂಗಿಲ್ಲ, ನಾವಾ ಸಾಕು.”

ಇಪ್ಪತ್ತೆರಡು ವರ್ಷ ಬಸ್ಸಿನ ಕಿಟಕಿಯಿಂದ ನಾನು ಅವರ ಬಾಗಿದ ಬೆನ್ನುಗಳನ್ನು ನೋಡಿದ್ದೆ. ಅವರು ಯಾವ ಕಡೆಗೆ ಹೆಜ್ಜೆ ಇಡುತ್ತಾರೆಂಬುದನ್ನು ಒಂದು ದಿನವೂ ನೋಡಿರಲಿಲ್ಲ.

ಸುಂಕಣ್ಣ ಮೇಸ್ತ್ರಿ ನಗಲಿಲ್ಲ. ಅವನು ಕೆಟ್ಟವನಲ್ಲ, ಆದರೆ ಗದ್ದೆಯವರಿಗೆ ಮಾತು ಕೊಟ್ಟಿದ್ದ. “ಸೋಮವಾರ ಕಾಲುವಿ ಆಚಿ ಗದ್ದಿ ಹಿಡೀಬೇಕ್ರಿ ಸರ್. ತಾಯಿ ಬರ್ತಾಳೋ ಮಗಳು ಬರ್ತಾಳೋ, ಅಷ್ಟು ಹೇಳ್ರಿ. ಎರಡೂ ಇಲ್ಲಂದ್ರ ಬ್ಯಾರೆ ಮನಿ ನೋಡ್ತೀನಿ.”

ನೀಲಾವತಿ ನೋಟ್‌ಬುಕ್ ತೆಗೆದು ಎರಡನೆಯ ಪುಟಕ್ಕೆ ಮೂಲೆಯಿಂದ ಮೂಲೆಗೆ ಗೆರೆ ಎಳೆದಳು. ಹಾಳೆಯನ್ನು ಹರಿದುಹಾಕಲಿಲ್ಲ. “ತಪ್ಪು ನಂದ್ರಿ ಸರ್. ನಾನು ಬಂದು ನೋಡಬೇಕಾಗಿತ್ತು,” ಎಂದಳು. ನನ್ನನ್ನು ದೂರಲು ಅವಳಿಗೆ ಎಲ್ಲ ಹಕ್ಕೂ ಇತ್ತು; ದೂರಲಿಲ್ಲ. ಆ ಉಪಕಾರವನ್ನು ನಾನು ಇಂದಿಗೂ ಮರೆತಿಲ್ಲ. ಆಮೇಲೆ ಚಪ್ಪಲಿ ಬಿಟ್ಟು, ಚೂಡಿದಾರವನ್ನು ಮೊಣಕಾಲ ಮೇಲಕ್ಕೆ ಮಡಚಿ ಗದ್ದೆಗೆ ಇಳಿದಳು. ಸಂಜೆಯವರೆಗೆ ಅವರ ಸಾಲಿನಲ್ಲಿಯೇ ನೆಟ್ಟಳು.

“ಲೇ ತಂಗಿ, ವೆಲ್ಡಿಂಗ್ ಮಾಡಿದಂಗ ಒತ್ತಬ್ಯಾಡ, ಸಸಿ ಉಸಿರು ಕಟ್ಟತೈತಿ,” ಎಂದು ಒಬ್ಬಳು.

“ಇಕಿ ನಟ್ಟ ಸಾಲು ನೋಡ್ರೆ, ಹಾವು ಹೋದಂಗ ಐತಿ,” ಎಂದು ಮತ್ತೊಬ್ಬಳು.

ಅವಳು ನಗುತ್ತ ನೆಡುತ್ತಲೇ ಇದ್ದಳು. ಕಟ್ಟು ಮುಗಿದಾಗ ಯಾರು ಎಷ್ಟು ಹೊತ್ತು ಕಾಯುತ್ತಾರೆ, ಯಾರು ಹಿಂದೆ ತಿರುಗಿ ತಡಕಾಡುತ್ತಾರೆ, ಎಲ್ಲವನ್ನೂ ಗಮನಿಸಿದಳು. ಕೊನೆಗೆ ಬದುವಿನ ಮೇಲೆ ಕುಳಿತಿದ್ದ ಜಂಬಮ್ಮನ ಬಳಿ ಬಂದು, “ಯವ್ವಾ, ನಿನಗ ಭಾರ ಹೊತ್ತರ ನೋವೋ?” ಎಂದು ಕೇಳಿದಳು.

“ಭಾರದ್ದೇನೈತವ್ವಾ, ಕಟ್ಟು ಹಗುರ ಅದಾವ. ಕೆಸರಿನಾಗಿಂದ ಕಾಲು ಕೀಳ್ತೀವಲ್ಲ, ಅವಾಗ ಸೊಂಟ ಹರದಂಗ ಆಗತೈತಿ. ಕುಂತರ ಏನೂ ಇಲ್ಲ.”

ಈ ಮಾತನ್ನು ನಾನು ಅವಳನ್ನು ಕೇಳಿಯೇ ಇರಲಿಲ್ಲ. ನೀಲಾವತಿ ಅದನ್ನು ಅವಳದೇ ನುಡಿಯಲ್ಲಿ ಹೊಸ ಪುಟದ ಮೇಲೆ ಬರೆದುಕೊಂಡು ಸಿರಿಗೇರಿಯ ಬಸ್ಸು ಹಿಡಿದಳು.

ಶುಕ್ರವಾರ ನಾನು ರಜೆ ಹಾಕಿ ಕುರುಗೋಡಿಗೆ ಹೋಗುವಷ್ಟರಲ್ಲಿ ಅಂಗಡಿಯ ನೆಲದ ಮೇಲೆ ಬೆಂಕಿಪೊಟ್ಟಣ, ದಾರ ಮತ್ತು ಎರಡು ಮೊಳೆಗಳಿಂದ ಹೊಸ ಮಾದರಿ ಸಿದ್ಧವಾಗಿತ್ತು. ತೆಪ್ಪವನ್ನು ಯಾರ ಸೊಂಟಕ್ಕೂ ಕಟ್ಟುವಂತಿಲ್ಲ. ಈ ಬದುವಿನಿಂದ ಆ ಬದುವಿಗೆ ಹಗ್ಗದ ಒಂದು ಸುತ್ತು; ಆಚೆಯ ತುದಿಯಲ್ಲಿ ಗೂಟ, ಈಚೆ ತಿರುಗಿಸುವ ರಾಟೆ. ಜಂಬಮ್ಮ ಬದುವಿನ ಮೇಲೆ ಕುಳಿತು ರಾಟೆ ತಿರುಗಿಸಿದರೆ, ನೆಡುವವರ ಬೆನ್ನ ಹಿಂದೆ ನಾಲ್ಕು ಮಾರು ದೂರದಲ್ಲಿ ತೆಪ್ಪ ಅಡ್ಡಡ್ಡ ಹಾಯುತ್ತದೆ. ಬೇಕಾದವಳು ಕೂಗಿದಲ್ಲಿ ನಿಲ್ಲುತ್ತದೆ. ಅವರು ಹಿಂದೆ ಸರಿದಂತೆ ಗೂಟ ಮತ್ತು ರಾಟೆಗಳನ್ನೂ ಹಿಂದಕ್ಕೆ ಸರಿಸಬೇಕು.

ಶನಿವಾರ ಗದ್ದೆಯಲ್ಲಿ ಹಗ್ಗವನ್ನು ಕೈಯಿಂದಲೇ ಎಳೆದು ನೋಡಿದಾಗ ಎರಡು ಸಲ ಕೆಟ್ಟಿತು. ಸೆಣಬಿನ ಹಗ್ಗ ನೀರು ಕುಡಿದು ಭಾರವಾಯಿತು. ಪ್ಲಾಸ್ಟಿಕ್ ಹಗ್ಗ ತಂದೆವು. ನೆನೆದ ಬದುವಿನಿಂದ ಮರದ ಗೂಟ ಕಿತ್ತುಕೊಂಡು ಬಂತು; ಹಾರೆಯೊಂದನ್ನು ಓರೆಯಾಗಿ ಹೊಡೆದು ನಿಲ್ಲಿಸಿದೆವು. ಕೆಟ್ಟಾಗಲೆಲ್ಲ ನೀಲಾವತಿಯ ಮುಖದಲ್ಲಿ ಒಂದು ಬಗೆಯ ಗೆಲುವು ಕಾಣುತ್ತಿತ್ತು. “ಇವತ್ತಾ ಕೆಟ್ಟಿದ್ದು ಛಲೋ ಆತ್ರಿ. ಸೋಮವಾರ ಕೆಟ್ಟಿದ್ರ?” ಎಂದಳು. ಭಾನುವಾರ ಹಳೆಯ ಸೈಕಲ್ ರಿಮ್ಮಿಗೆ ಹಿಡಿಕೆ ಬೆಸೆದು, ಮೂರು ಕಾಲಿನ ಮೇಲೆ ಕೂರಿಸಿದಳು. ಎರಡನೆಯ ಯೋಜನೆಗೆ ಅವಳು ಕಬ್ಬಿಣ ಕೊಯ್ದದ್ದು ಅಂದೇ ಮೊದಲು.

ಸೋಮವಾರ ಜಂಬಮ್ಮ ಬದುವಿನ ಮೇಲೆ ಚೀಲ ಹಾಸಿಕೊಂಡು ಕುಳಿತಳು. ಪೂಜಿತಾಳೂ ಬಂದಿದ್ದಳು, ಇದು ಕೈಕೊಟ್ಟರೆ ತಾನೇ ಇಳಿಯಬೇಕೆಂದು ಲಂಗ ಎತ್ತಿ ಕಟ್ಟಿ ನಿಂತಿದ್ದಳು. ತೆಪ್ಪ ಹೋಯಿತು, ಬಂತು. ಮಧ್ಯಾಹ್ನದವರೆಗೂ ಅದು ನಿಲ್ಲಲಿಲ್ಲ. ಬುತ್ತಿ ಬಿಚ್ಚುವ ಹೊತ್ತಿಗೆ ಸುಂಕಣ್ಣ ತಲೆ ಕೆರೆದುಕೊಂಡ.

“ಅಲ್ರಿ, ಇಕಿ ಕುಂತು ಆಳು ಅನಿಸ್ಕೊಂಡ್ರ, ನಿಂತೋರು ಸುಮ್ನ ಇರ್ತಾರೇನ್ರಿ?”

ನೀಲಾವತಿ ನೋಟ್‌ಬುಕ್ಕಿನ ಪುಟ ತಿರುವತೊಡಗಿದಳು. ಪೂಜಿತಾ ತಾಯಿಯನ್ನೇ ನೋಡುತ್ತಿದ್ದಳು. ಗುರುವಾರ ನನ್ನನ್ನು ಹಾಸ್ಯ ಮಾಡಿದ್ದ ಆ ಹಿರಿಯಳೇ ರೊಟ್ಟಿ ಮುರಿಯುತ್ತ ಹೇಳಿದಳು: “ಸುಂಕಣ್ಣ, ದಿನಾ ಕಟ್ಟು ಬರೂತನ ನಾವು ಬಗ್ಗಿಕೊಂಡಾ ಕಾಯ್ತಿದ್ವಿ. ಇವತ್ತು ಕಾದಿಲ್ಲ. ಆಕಿ ಕುಂತಾಳಂತ ನಮ್ಮ ಸೊಂಟ ಉಳದೈತಿ. ಕುಂದರ್ಲಿ ಬಿಡು. ನಿನಗ ಹೊಟ್ಟಿ ಉರದ್ರ ನೀನೂ ಒಂದು ಚೀಲ ಹಾಸ್ಕೋ.”

ಸುಂಕಣ್ಣ ಆಗಲೆಂದು ತಲೆಯಾಡಿಸಿ ತನ್ನ ಬುತ್ತಿ ಬಿಚ್ಚಿದ. ಮಂಗಳವಾರ ಹಾಜರಿ ಕರೆಯುವಾಗ ಪೂಜಿತಾ ಎರಡನೆಯ ಬೆಂಚಿನಲ್ಲಿದ್ದಳು.

ಡಿಸೆಂಬರಿನಲ್ಲಿ ಬಳ್ಳಾರಿಯ ಪ್ರದರ್ಶನಕ್ಕೆ ಪೂಜಿತಾ ಮಾದರಿಯ ಜೊತೆಗೆ ನೀಲಾವತಿಯ ನೋಟ್‌ಬುಕ್ಕನ್ನೂ ಒಯ್ದಳು. ತೀರ್ಪುಗಾರರ ಮುಂದೆ ಗೆರೆ ಎಳೆದ ಪುಟವನ್ನೇ ಮೊದಲು ತೆರೆದು, “ಇದು ನಮ್ಮ ಸರ್ ಹೇಳಿದ್ದು, ಇದು ತಪ್ಪಾಯಿತು,” ಎಂದು ಗಟ್ಟಿಯಾಗಿ ಓದಿದಳು. ಅವರೆಲ್ಲ ನನ್ನ ಕಡೆ ತಿರುಗಿದರು. ಬಹುಮಾನ ಯಾವುದು ಬಂತೆಂದು ಈಗ ಸರಿಯಾಗಿ ನೆನಪಿಲ್ಲ. ಆ ಮಾತು ಮಾತ್ರ ನೆನಪಿದೆ. ನಿವೃತ್ತನಾಗುವವರೆಗೆ ನನ್ನ ತರಗತಿಯಲ್ಲಿ ಯಾವ ಮಕ್ಕಳೂ ನೋಡದೆ, ಕೇಳದೆ ಚಿತ್ರ ಬರೆಯಲಿಲ್ಲ. ನಾನೂ ಬರೆಯಲಿಲ್ಲ. ನೌಕರಿಯ ಕೊನೆಯ ಐದು ವರ್ಷಗಳಲ್ಲಿ ನಾನು ಒಳ್ಳೆಯ ಮೇಷ್ಟ್ರಾಗಿದ್ದರೆ ಅದು ನೀಲಾವತಿಯ ದೆಸೆಯಿಂದ.

ಪೂಜಿತಾ ಬಳ್ಳಾರಿಯಲ್ಲಿ ಡಿಪ್ಲೊಮಾ ಮುಗಿಸಿದ್ದಾಳೆ. ಜಂಬಮ್ಮ ಇಂದಿಗೂ ಅದೇ ಗುಂಪಿನ ಆಳು. ಗವಿಸಿದ್ದಪ್ಪನವರು ಉಣ್ಣುವ ಕೆಲಸವನ್ನು ಚೆನ್ನಾಗಿ ನಡೆಸಿಕೊಂಡು ಬಂದಿದ್ದಾರೆ.

ನೀಲಾವತಿ ಈಗ ಹದಿನೈದು ದಿನಗಳಿಂದ, ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯುವ ಮೊದಲು, ಸಿರಿಗೇರಿಗೆ ಹೋಗಿ ಬರುತ್ತಿದ್ದಾಳೆ. ಅಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರಿಗೆ ಬೆರಳುಗಳು ಉರಿದು, ಮನೆಯಲ್ಲಿ ಕೂಸನ್ನು ಮುಟ್ಟಲೂ ಆಗುವುದಿಲ್ಲವಂತೆ. ಮೊನ್ನೆ ಫೋನ್ ಮಾಡಿ, ಏನಾದರೂ ತೋಚಿತೇ ಎಂದು ಕೇಳಿದೆ.

“ಇನ್ನೂ ಎರಡನೇ ಪುಟದಾಗ ಅದೀನ್ರಿ ಸರ್. ನಾನೂ ಅವರ ಜೋಡಿ ಕುಂತು ಬಿಡಸಾಕತ್ತೀನಿ. ಕೈ ಉರಿಯಾಕತ್ತೈತಿ, ಫೋನ್ ಇಡ್ಲ್ಯಾ?”