ಹ್ಞೂಂ ಅನ್ನುವವರ ಜೊತೆಗೊಂದು ಓಟ

ಇವತ್ತು ಬೆಳಿಗ್ಗೆ ಲಿಫ್ಟಿನೊಳಗೆ ಕಾಲಿಟ್ಟರೆ, ಯಾರೋ ಮಂಡಿಗೆ ಹೊಡೆದುಕೊಂಡು ಹೋದ ನೋವಿನ ಸ್ಪ್ರೇಯ ವಾಸನೆ ಇನ್ನೂ ನಿಂತಿತ್ತು. ಕೆಳಗಿಳಿಯುವಷ್ಟರಲ್ಲಿ, ಓಟಕ್ಕೆ ಮೊದಲು ಅದನ್ನೇ ಹೊಡೆದುಕೊಳ್ಳುತ್ತಿದ್ದ ಯೂಸುಫ್ ಭಾಯ್ ಪಕ್ಕದಲ್ಲಿ ನಿಂತು, ‘ನಡಿ ಗುರು, ನಿಂದು ಬಾಯಿಗೆ ಸ್ವಲ್ಪ ಗಾಳಿ ಕುಡಿಸೋಣ’ ಅಂದಂತಾಯಿತು.

ಶಿವಾಜಿನಗರದಲ್ಲಿ ಅವರದು ಕನ್ನಡಕದ ಅಂಗಡಿ. ಮನೆ ಇಲ್ಲೇ ಪುಲಿಕೇಶಿನಗರದಲ್ಲಿ, ನಮ್ಮ ಹಿಂದಿನ ಬೀದಿ. ಐವತ್ತು ದಾಟಿದ ಮೇಲೆ ಹತ್ತಿಕೊಂಡ ಓಟದ ಹುಚ್ಚು. ಹತ್ತು ಕಿಲೋಮೀಟರನ್ನು ಒಂದು ಗಂಟೆಯೊಳಗೆ ಓಡಿ ಮುಗಿಸಬೇಕೆಂಬುದೊಂದೇ ಆಸೆ. ಪ್ರತಿ ಸಲವೂ ಶುರುವಿನಲ್ಲೇ ಹುಡುಗರ ಜೊತೆ ನುಗ್ಗಿ, ಅರ್ಧ ದಾರಿಯಲ್ಲಿ ಸೊಂಟ ಹಿಡಿದು ನಿಲ್ಲುತ್ತಿದ್ದರು. ಒಂದು ವರ್ಷ ಹಿಡಿದ ಕೆಮ್ಮು ಬಿಡಲೇ ಇಲ್ಲ. ಶ್ವಾಸಕೋಶ ಗಟ್ಟಿಯಾಗುತ್ತಾ ಬರುತ್ತಿದೆ, ಹೋದ ಉಸಿರು ಹಿಂದಕ್ಕೆ ಬಾರದು ಎಂದರು ಡಾಕ್ಟರು. ಓಡಬಹುದೇ? ಆಗುವಷ್ಟು ದಿನ, ಮೆಲ್ಲಗೆ.

‘ಒಂದ್ಸಲ ಗುರು,’ ಎಂದರು ಭಾಯ್. ‘ನೀನು ಪಕ್ಕದಲ್ಲಿ ಓಡು. ನಾನು ನುಗ್ಗಿದ್ರೆ ಹಿಡ್ಕೊ.’

ಹೀಗೆ ತನ್ನ ಓಟ ಬಿಟ್ಟು ಇನ್ನೊಬ್ಬರ ವೇಗ ಕಾಯುವವನಿಗೆ ಪೇಸರ್ ಅನ್ನುತ್ತಾರೆ. ಆ ವಿದ್ಯೆ ನನಗೆ ಬಂದದ್ದು ಅಜ್ಜಿಯಿಂದ ಅಂದರೆ ನಗಬೇಡಿ. ಅವಳು ಕಥೆ ಹೇಳುವಾಗ ನಾವು ಹ್ಞೂಂಗುಟ್ಟಬೇಕು. ಹ್ಞೂಂ ನಿಂತರೆ ಕಥೆಯೂ ನಿಂತಿತು. ಕರೆಂಟು ಹೋದ ಕತ್ತಲಲ್ಲಿ ಬರೀ ಹ್ಞೂಂ ಕೇಳಿಯೇ ಯಾರಿಗೆ ನಿದ್ದೆ, ಯಾರಿಗೆ ಜ್ವರ, ಯಾರು ಸದ್ದಿಲ್ಲದೆ ಅಳುತ್ತಿದ್ದಾರೆ ಎಂದು ಹೇಳಿಬಿಡುತ್ತಿದ್ದಳು. ಅದನ್ನೇ ನಾನು ರಸ್ತೆಗಿಳಿಸಿದೆ. ನಾನು ಕಥೆ ಹೇಳುತ್ತಾ ಓಡುವುದು, ಭಾಯ್ ಹ್ಞೂಂ ಅನ್ನುವುದು. ಹ್ಞೂಂ ಇಡಿಯಾಗಿ ಬಂದರೆ ವೇಗ ಸರಿ. ತುಂಡಾಗಿ ಬಂದರೆ ನಿಧಾನ.

ಓಟದ ದಿನ, ಅಜ್ಜಿ ಹೇಳುತ್ತಿದ್ದ, ಉಪ್ಪು ತರಲು ಹೋದ ಸೊಸೆಯ ಕಥೆ ತೆಗೆದೆ. ಹಲಸೂರು ಕೆರೆಯ ಬಳಿ ಪಕ್ಕದಲ್ಲಿ ಓಡುತ್ತಿದ್ದ ಹುಡುಗಿಯೊಬ್ಬಳು, ‘ಅಂಕಲ್, ಇದೇನು ರೇಡಿಯೋನಾ?’ ಎಂದಳು.

‘ಬಂದ್ ಮಾಡೋಕೆ ಬಟನ್ ಇಲ್ಲ ಬೇಟಾ,’ ಎಂದರು ಭಾಯ್. ಉಸಿರು ಚೆನ್ನಾಗಿದೆ ಅಂದುಕೊಂಡೆ.

ಇಂದಿರಾನಗರದಿಂದ ತಿರುಗಿ ಬರುವ ಏರಿನಲ್ಲಿ ಹ್ಞೂಂ ತುಂಡಾಯಿತು. ‘ಸ್ಪೀಡ್ ಇಳಿಸ್ಬೇಡ, ಇಳಿಸಿದ್ರೆ ಒದೀತೀನಿ’ ಎಂದು ಬೈದರು. ಇಳಿಸಿದೆ. ಕೊನೆಯ ತಿರುವಿಗೆ ಬರುವಾಗ ಹ್ಞೂಂ ಮತ್ತೆ ಕೂಡಿಕೊಂಡಿತ್ತು. ಅಲ್ಲಿಗೆ ಜೊತೆಗಾರನ ಕೆಲಸ ಮುಗಿಯಿತು. ‘ಹೋಗಿ ಭಾಯ್,’ ಎಂದೆ. ತಲೆಯ ಮೇಲೆ ಉಪ್ಪಿನ ಗಂಟು ಹೊತ್ತ ಸೊಸೆಯನ್ನು ತುಂಬಿದ ಹೊಳೆಯ ದಡದಲ್ಲೇ ಬಿಟ್ಟು, ಅವರು ಮುಂದೆ ಓಡಿದರು.

ಗಂಟೆಯೊಳಗೇ ಮುಗಿಸಿದರು. ಫುಟ್‌ಪಾತಿನ ಮೇಲೆ ಕುಳಿತು ಬಹಳ ಹೊತ್ತು ಕೆಮ್ಮಿದರು. ನನ್ನ ಬಾಯಿ ಸುಮ್ಮನಿರಬೇಕಲ್ಲ, ‘ಮುಂದಿನ ಸಲ ಇನ್ನೂ ಬೇಗ’ ಎಂದೆ.

‘ಇಲ್ಲ ಗುರು. ಇನ್ಮೇಲೆ ಇದೇ ಬೆಸ್ಟು. ಸಾಯೋ ತನ್ಕ.’

ಅವರು ನಗಲಿಲ್ಲ.

ಎರಡು ಚಳಿಗಾಲ ಕಳೆಯುವಷ್ಟರಲ್ಲಿ ಆಸ್ಪತ್ರೆಯ ಹಾಸಿಗೆ, ಮೂಗು ಬಾಯಿಗೆ ಮಾಸ್ಕು. ‘ಸುಮ್ನೆ ಕೂತ್ಕೋಬೇಡ್ರಿ,’ ಎಂದರು ಅವರ ಹೆಂಡತಿ ಶಾಹೀನ್ ಭಾಭಿ. ‘ಅವ್ರಿಗೆ ನಿಮ್ ಬಡಬಡ ಬೇಕು.’ ಕಥೆಯ ಸೊಸೆಯನ್ನು ಮತ್ತೆ ಮನೆಯಿಂದಲೇ ಹೊರಡಿಸಿದೆ. ಹ್ಞೂಂ ಚೂರುಚೂರಾಗಿ ಬಂತು. ನಿಧಾನ ಮಾಡಿದೆ. ಇನ್ನೂ ನಿಧಾನ ಮಾಡಿದೆ. ಒಂದು ಮಾತು ಹೇಳಿ, ಕಾಯುವುದು. ಇಷ್ಟು ಮೆಲ್ಲಗೆ ಕಥೆ ಹೇಳಬಹುದೆಂದು ಅಜ್ಜಿಗೂ ಗೊತ್ತಿದ್ದಿರಲಾರದು. ಹೊಳೆಯ ದಡಕ್ಕೆ ಬಂದಾಗ ಹ್ಞೂಂ ಬರಲಿಲ್ಲ. ಯಂತ್ರದ ಉಸಿರು ಮಾತ್ರ ಕೇಳುತ್ತಿತ್ತು. ಅಜ್ಜಿಯ ಕಟ್ಟಳೆಯಂತೆ ಕಥೆ ನಿಲ್ಲಿಸಿದೆ.

ಮರುದಿನ ಬೆಳಿಗ್ಗೆ ಹೋಗಿಬಿಟ್ಟರು. ಜನಾಜಾದ ಮಂಚ ಹೊತ್ತವರು ಮೆಲ್ಲಗೆ ನಡೆಯುವುದಿಲ್ಲ, ನೋಡಿದ್ದೀರಲ್ಲ. ಹೆಗಲು ಬದಲಿಸುತ್ತಾ ದಾಪುಗಾಲು ಹಾಕುತ್ತಾರೆ. ಭಾಯ್ ವೇಗಕ್ಕೆ ಹೆಜ್ಜೆ ಕೂಡಿಸಲಾರದೆ ನಾನು ಹಿಂದೆ ಬಿದ್ದದ್ದು ಅದೊಂದೇ ಸಲ.

ಆಮೇಲೆ ಬಾಯಿ ಮುಚ್ಚಿಕೊಂಡೇ ಓಡುತ್ತಿದ್ದೆ. ಇವತ್ತು ಲಿಫ್ಟಿನಿಂದ ಹೊರಬಂದವನು ಕೆರೆಯ ಪಕ್ಕದಲ್ಲಿ, ಗಟ್ಟಿಯಾಗಿಯೇ, ದಡದಲ್ಲೇ ನಿಂತಿದ್ದ ಆ ಸೊಸೆಯನ್ನು ಹೊಳೆಗಿಳಿಸಿದೆ. ನೀರು ಮಂಡಿಗೆ ಬಂತು. ಸೊಂಟಕ್ಕೆ ಬಂತು. ಹ್ಞೂಂ ಬರಬೇಕಾದ ಕಡೆ ಯಾರೂ ಅನ್ನಲಿಲ್ಲ, ನಾನೇ ಹ್ಞೂಂ ಅಂದೆ.

ಎರಡು ತುಂಡಾಗಿ ಬಂತು. ನಿಧಾನ ಮಾಡಿದೆ.