ಅತ್ತೆ ಎತ್ತಿಟ್ಟ ಆರು ಫ್ಲಾಪಿ

ಹೊಸ ಕಂಪ್ಯೂಟರ್ ಬಂದ ದಿನ ಮನೆಯಲ್ಲಿ ಪಾಯಸ ಮಾಡಿದ್ದೆವು. ಮಾರನೇ ದಿನ ಆ ಕಂಪ್ಯೂಟರನ್ನೇ ಎತ್ತಿ ಬಾವಿಗೆ ಹಾಕುವಷ್ಟು ಸಿಟ್ಟು ನನಗೆ.

ಆಗ ನಾನು ಆಲೂರಿನ ಶಾಲೆಯಲ್ಲಿ ಟೀಚರ್. ಮನೆ ಕುಂದೂರಿನ ಹತ್ತಿರ. ನಮ್ಮ ಸುತ್ತಲಿನ ಗದ್ದೆಗಳ ಹೆಸರುಗಳ ಮೇಲೆ ಎಂ.ಫಿಲ್. ಪ್ರಬಂಧ ಬರೆದಿದ್ದೆ. ಎರಡು ವರ್ಷದ ಕೆಲಸ, ಅಷ್ಟನ್ನೂ ನೇರ ಕಂಪ್ಯೂಟರಿನಲ್ಲೇ ಬರೆದದ್ದು. ಸೋಮವಾರ ಒಪ್ಪಿಸದಿದ್ದರೆ ಎಲ್ಲ ನೀರುಪಾಲು. ಹಳೇ ಕಂಪ್ಯೂಟರೋ, ಒಂದು ಪುಟ ಪ್ರಿಂಟ್ ಕೊಟ್ಟರೆ ಮೂರು ಸಲ ನಿಂತುಬಿಡುತ್ತಿತ್ತು. ಯಜಮಾನರು ಅದನ್ನು ಹಾಸನದ ಅಂಗಡಿಗೆ ಕೊಟ್ಟು ಹೊಸದು ತಂದರು.

ಹಳೆಯದನ್ನು ಕೊಡುವ ಮೊದಲು ಪ್ರಬಂಧವನ್ನು ಆರು ಫ್ಲಾಪಿಗೆ ಹಾಕಿ ಅತ್ತೆಯ ಕೈಗೆ ಕೊಟ್ಟಿದ್ದೆ. ನಮ್ಮ ಮನೆಯಲ್ಲಿ ಜೋಪಾನದ ವಸ್ತುವೆಲ್ಲ ಅವರ ವಶ.

"ಅತ್ತೆ, ಇದ್ರಲ್ಲಿ ನನ್ನ ಜೀವಾನೇ ಐತೆ. ಬೂಷ್ಟು ಹಿಡೀಬಾರ್ದು ನೋಡಿ."

"ನಾನಿಲ್ವೇನವ್ವ?" ಅಂದಿದ್ದರು.

ಹೊಸ ಕಂಪ್ಯೂಟರಿಗೆ ಫ್ಲಾಪಿ ಹಾಕುವ ಜಾಗವೇ ಇರಲಿಲ್ಲ! ಅಂಗಡಿಗೆ ಫೋನ್ ಮಾಡಿದರೆ, "ಈಗ ಯಾರ್ ಮೇಡಂ ಫ್ಲಾಪಿ ಬಳಸ್ತಾರೆ?" ಎಂದು ನಕ್ಕರು. ಹಳೆಯದರಲ್ಲಿದ್ದದ್ದು?

"ಬಂದ ದಿನಾನೇ ಎಲ್ಲಾ ಅಳಿಸ್ಬುಟ್ವಲ್ಲ."

ಉಳಿದದ್ದು ಆ ಆರು ಫ್ಲಾಪಿ ಮಾತ್ರ. ಬೇಡಿಕೊಂಡ ಮೇಲೆ ಶನಿವಾರ ಮೆಕ್ಯಾನಿಕ್ ಒಂದು ಹಳೇ ಫ್ಲಾಪಿ ಡ್ರೈವ್ ಹಿಡಿದು ಬಸ್ಸಿನಲ್ಲಿ ಬಂದ. ಜೋಡಿಸಿ, "ಎಲ್ಲಿ, ಕೊಡಿ" ಅಂದ.

ಅತ್ತೆ ಅಡುಗೆಮನೆಯಲ್ಲಿ ಸ್ಟೂಲು ಹತ್ತಿ, ಉರಿಯುವ ಒಲೆಯ ಮೇಲಿನ ಅಟ್ಟದಿಂದ ಮಸಿ ಹಿಡಿದ ಡಬ್ಬಿ ಇಳಿಸಿ ತಂದರು. ಡಬ್ಬಿ ಬೆಚ್ಚಗಿತ್ತು. ಒಳಗೆ ಕುಂಬಳದ ಬೀಜ, ಅವರೆ ಬೀಜ, ಅವುಗಳ ನಡುವೆ ಬಟ್ಟೆ ಸುತ್ತಿದ ನನ್ನ ಫ್ಲಾಪಿಗಳು, ಹೊಗೆ ವಾಸನೆ ಹೊಡೆಯುತ್ತಾ.

"ಅಯ್ಯೋ, ಬಿಸಿ ತಾಗಿದ್ರೆ ಹೋಯ್ತು ಮೇಡಂ" ಅಂದ ಮೆಕ್ಯಾನಿಕ್.

ನನಗೆ ಸಿಟ್ಟು ತಡೆಯಲಾಗಲಿಲ್ಲ. "ಎರಡು ವರ್ಷಾನ ಒಲೆಗೆ ಹಾಕ್ಬುಟ್ರಲ್ಲ! ಗೊತ್ತಾಗ್ದಿದ್ರೆ ಮುಟ್ಟಬಾರ್ದಿತ್ತು!" ಹೊರಗಿನವನ ಎದುರಿಗೇ ಅಂದುಬಿಟ್ಟೆ.

"ಬಿತ್ತನೆ ಬೀಜಾನೂ ಅಲ್ಲೇ ಇಡೋದು ಕಣವ್ವ. ಅಲ್ಲಿಟ್ರೆ ಬೂಷ್ಟು ಹಿಡಿಯಲ್ಲ" ಎಂದು ಮೆಲ್ಲಗೆ ಹೇಳಿ ಅತ್ತೆ ಡಬ್ಬಿ ಎತ್ತಿಕೊಂಡು ಒಳಗೆ ಹೋದರು.

ಮೊದಲ ಫ್ಲಾಪಿ ಕರಕರ ಎಂದು ಸದ್ದು ಮಾಡಿ ತೆರೆಯಿತು. ಎರಡು, ಮೂರು ತೆರೆದವು. ನಾಲ್ಕನೆಯದನ್ನು ಹಾಕಿದರೆ ಓದಲಾಗುತ್ತಿಲ್ಲ ಎಂದಿತು ಕಂಪ್ಯೂಟರ್. ಮೆಕ್ಯಾನಿಕ್ ಹೊರತೆಗೆದು ಒರೆಸಿದ, ಊದಿದ, ಮತ್ತೆ ಹಾಕಿದ. ಐದನೇ ಸಲಕ್ಕೆ ಅದೂ ತೆರೆಯಿತು. ಉಳಿದೆರಡೂ ಬಂದವು. ಒಂದು ಅಕ್ಷರವೂ ಹೋಗಿರಲಿಲ್ಲ.

ಅಡುಗೆಮನೆಗೆ ಓಡಿದೆ. ಅತ್ತೆ ಡಬ್ಬಿಯಿಂದ ನೆಲಕ್ಕೆ ಚೆಲ್ಲಿದ್ದ ಬೀಜಗಳನ್ನು ಆರಿಸುತ್ತಿದ್ದರು.

"ಎಲ್ಲಾ ಸಿಕ್ತು ಅತ್ತೆ. ಸಿಟ್ಟಲ್ಲಿ ಏನೇನೋ ಅಂದ್ಬುಟ್ಟೆ, ತಪ್ಪಾಯ್ತು."

"ಇರ್ಲಿ ಬುಡವ್ವ" ಅಂದರು. ತಲೆಯೆತ್ತಲಿಲ್ಲ.

ಪ್ರಬಂಧ ಸೋಮವಾರ ವಿಶ್ವವಿದ್ಯಾಲಯ ಸೇರಿತು. ಮುಂದಿನ ವರ್ಷ ಪದವಿ ಪತ್ರ ಬಂದಾಗ ಮೊದಲು ಅತ್ತೆಯ ಕೈಗೇ ಕೊಟ್ಟೆ. ಸೆರಗಿಗೆ ಕೈ ಒರೆಸಿಕೊಂಡು ತೆಗೆದುಕೊಂಡರು, ಅದರ ಮೇಲೆ ಬೆರಳಾಡಿಸಿದರು, ಕಣ್ಣಿಗೊತ್ತಿಕೊಂಡರು. ಆಮೇಲೆ ನನ್ನ ಕಡೆಗೇ ಚಾಚಿದರು.

"ನೀನೇ ಎತ್ತಿಟ್ಕೊ ಕಣವ್ವ. ಎಲ್ಲಿಡ್ಬೇಕು ಅಂತ ನಂಗೆ ಗೊತ್ತಾಗಲ್ಲ."