ದೇವರ ಪಾಲಿನ ಕುರಿ

ಹೊಸದುರ್ಗದ ಸಂಘವೊಂದರಲ್ಲಿ, ಕುರಿ ಕೊಳ್ಳಲು ಸಾಲ ಕೇಳುವವರಿಗೆ ಮುಂದಿನ ವರ್ಷಗಳ ಅಂದಾಜು ಲೆಕ್ಕ ಹಾಕಿಕೊಡುವುದು ನನ್ನ ಕೆಲಸವಾಗಿತ್ತು. ಎಷ್ಟು ಮರಿ, ಎಷ್ಟು ಉಣ್ಣೆ, ಎಷ್ಟು ಸಾವು ಎಂದು ಮೊದಲೇ ಗೊತ್ತುಮಾಡಿ ಲೆಕ್ಕದ ಯಂತ್ರದ ಹಿಡಿ ತಿರುಗಿಸಬೇಕು. ಮುಂದಕ್ಕೆ ತಿರುಗಿಸಿದರೆ ಕೂಡುತ್ತದೆ, ಹಿಂದಕ್ಕೆ ತಿರುಗಿಸಿದರೆ ಕಳೆಯುತ್ತದೆ.

ಬಾಗೂರು ಕಡೆಯ ಕುರಿಗಾರ ಈರಜ್ಜ ಮರಿಗಳ ಲೆಕ್ಕಕ್ಕೆ ಖುಷಿಯಿಂದ ತಲೆದೂಗುತ್ತಿದ್ದ. ನಾನು ಹಿಡಿಯನ್ನು ಹಿಂದಕ್ಕೆ ತಿರುಗಿಸಿದ ಕೂಡಲೇ, "ಅದೇನು ಮಾಡ್ದೆ ತಾಯಿ?" ಎಂದ.

"ಸಾಯೋ ಕುರಿ ಕಳೆದೆ ಅಜ್ಜ. ವರ್ಷಕ್ಕೊಂದು."

ಅಜ್ಜ ಎದ್ದು ನಿಂತ. "ಇನ್ನೂ ಕೊಂಡೇ ಇಲ್ಲ, ಆಗ್ಲೇ ಸಾಯಿಸಿಬಿಟ್ಯಾ? ನಿನ್ ಸಾಲಾನೂ ಬ್ಯಾಡ, ನಿನ್ ಮಿಷನ್ನೂ ಬ್ಯಾಡ!"

ಸಾವಿನ ಸಾಲು ಖಾಲಿ ಬಿಟ್ಟರೆ ಚಿತ್ರದುರ್ಗದ ಕಚೇರಿಯವರು ಅರ್ಜಿ ವಾಪಸು ಕಳಿಸುತ್ತಾರೆ, ಅಜ್ಜನಿಗೆ ಕುರಿ ಸಿಗುವುದಿಲ್ಲ. ಮಗು ಹುಟ್ಟುವ ಮುಂಚೆ ತೊಟ್ಟಿಲು ತರಲು ಬಿಡದ ಅತ್ತೆಯ ಜೊತೆ ಬಾಳುತ್ತಿರುವವಳು ನಾನು. 'ಸಾವು' ಎಂಬುದನ್ನು ಹೊಡೆದುಹಾಕಿ 'ದೇವರ ಪಾಲು' ಎಂದು ಬರೆದು, ಓದಿ ಹೇಳಿದೆ.

ಅಜ್ಜ ಕುಂತ. "ಹಂಗನ್ನು ಮತ್ತೆ! ಆದ್ರೆ ದೇವ್ರಿಗೆ ಒಂದೇನಾ? ನಾಕು ಬರಿ."

"ನಾಕು ಬರೆದ್ರೆ ನಿಂಗೇನೂ ಉಳಿಯಲ್ಲ, ಸಾಲಾನೂ ಹುಟ್ಟಲ್ಲ. ದೇವ್ರು ಒಂದರಲ್ಲೇ ಸುಧಾರಿಸ್ಕೊಳ್ಳಲಿ. ಹೆಬ್ಬೆಟ್ಟು ಒತ್ತಜ್ಜ!"

ಗೊಣಗುತ್ತಲೇ ಒತ್ತಿದ.

ಸಾಲವೇನೋ ಮಂಜೂರಾಯಿತು. ಜೊತೆಗೆ ಚಿತ್ರದುರ್ಗದಿಂದ ಒಂದು ಪ್ರಶ್ನೆಯೂ ಬಂತು: ದೇವರ ಪಾಲು ಸಂದಾಯವಾದದ್ದಕ್ಕೆ ರಸೀದಿ ಯಾರು ಕೊಡುತ್ತಾರೆ? ಅಲ್ಲಿನ ಸಾಹೇಬರೇ ಖುದ್ದಾಗಿ ಮೇಲೆ ಹೋಗಿ ಇಸ್ಕೊಂಡು ಬರಲಿ ಎಂದು ಬರೆಯಲು ಕೈ ತುರಿಸಿತು. ಕೆಲಸ ಬೇಕಿತ್ತು, 'ರಸೀದಿ ಬಂದ ಕೂಡಲೇ ಕಳಿಸಲಾಗುವುದು' ಎಂದು ಬರೆದೆ.